ಸಕ್ಕರೆ ಇಲ್ಲದ ದಸರೆ

ಶಿವಬಸಮ್ಮನಿಗೆ ಈ ದಸರೆಗೆ ಬೇಕಾಗಿದ್ದುದು ಒಂದೇ. ಗದ್ವಾಲಿನಿಂದ ಬರುವ ಮಗಳು ಉಮಾಶ್ರೀ, ಮಕ್ಕಳ ಸೂಟಿ ಮುಗಿಯುವ ತನಕ ತವರೂರು ಮಕ್ತಲ್‌ನಲ್ಲೇ ಇರಬೇಕು.

ಹೋದ ವರ್ಷ ಹಾಗಾಗಲಿಲ್ಲ. ಮೊಮ್ಮಗ ಭಾನುಪ್ರಕಾಶ ಅಜ್ಜಿ ಮಾಡಿದ ಬೇಸನ್ ಉಂಡಿಗಳನ್ನು ಒಂದರ ಹಿಂದೊಂದು ಬಾಯಿಗೆ ಹಾಕಿಕೊಂಡು, ಆಮೇಲೆ ದವಡೆ ಹಿಡಿದುಕೊಂಡು ಮನೆ ತುಂಬ ಅತ್ತ. ಉಮಾಶ್ರೀ ಬನ್ನಿಹಬ್ಬಕ್ಕೂ ನಿಲ್ಲದೆ ಬ್ಯಾಗು ತುಂಬಿಕೊಂಡು ಬಸ್ಸು ಹತ್ತಿಬಿಟ್ಟಳು. ಬೈದಿದ್ದರಾದರೂ ಶಿವಬಸಮ್ಮನಿಗೆ ಸಮಾಧಾನವಾಗುತ್ತಿತ್ತು.

ಈ ವರ್ಷ ಮಗಳಿಗಿಂತ ಮೊದಲು ಮಗಳ ದನಿ ಬಂತು. ಅಪ್ಪನ ಫೋನಿಗೆ ಅವಳು ಮಾತು ರೆಕಾರ್ಡ್ ಮಾಡಿ ಕಳಿಸಿದ್ದಳು. ಅಪ್ಪ ದೇವೇಂದ್ರಪ್ಪನಿಗೆ ಕಿವಿ ಮಂದ. ಅವನು ರೈತರ ಮಾಲು ಮಾರಿಸಿಕೊಡುವ ತನ್ನ ಅಡತಿ ಅಂಗಡಿಯಲ್ಲಿ, ಹತ್ತಿ ತಂದ ರೈತರೂ ಹಮಾಲರೂ ಕಿರಾಣಿ ಅಂಗಡಿಯ ತಾಯಣ್ಣನೂ ಕೂತಿದ್ದಾಗ, ಫೋನಿನ ದನಿಯನ್ನು ಪೂರ್ತಿ ಏರಿಸಿ ಕೇಳಿದ.

"ಯವ್ವಾ, ಈ ಸಲ ಸಕ್ಕರಿ ಬ್ಯಾಡ, ಮೈದಾ ಬ್ಯಾಡ, ಎಣ್ಯಾಗ ಕರದಿದ್ದು ಮೊದಲೇ ಬ್ಯಾಡ. ಖರ್ಜೂರ ಹಾಕಿ ಉಂಡಿ ಮಾಡು. ಹಬ್ಬದಂಗೂ ಇರಬೇಕು, ಹುಡುಗರ ಆರೋಗ್ಯಾನೂ ನೆಟ್ಟಗಿರಬೇಕು."

"ಸಾವಕಾರ್ರ, ಇಷ್ಟೆಲ್ಲಾ ಬ್ಯಾಡ ಅಂದ ಮ್ಯಾಲ ಹಬ್ಬರೆ ಯಾಕ ಬೇಕ್ರಿ?" ಎಂದ ತಾಯಣ್ಣ.

"ಏನಂದಿ?"

"ಖರ್ಜೂರ ತರಸ್ತೀನಿ ಅಂದೆರಿ!"

ಹೊತ್ತು ಮುಳುಗುವುದರೊಳಗೆ ಸುದ್ದಿ ಓಣಿಯೆಲ್ಲ ಮುಟ್ಟಿತು. ಹೋದ ವರ್ಷ ಶಿವಬಸಮ್ಮ ಬಾಗಿಲಲ್ಲಿ ನಿಂತು, ಬಸ್ಸು ಹೋದ ಎಷ್ಟೋ ಹೊತ್ತಿನ ಮೇಲೂ ಆ ಕಡೆಗೇ ನೋಡುತ್ತಿದ್ದುದನ್ನು ಓಣಿಯವರು ಕಂಡಿದ್ದರು. ಹಾಗಾಗಿ ಯಾರೂ ಅವಳ ಮುಂದೆ ಏನೂ ಅನ್ನಲಿಲ್ಲ. ಸುಮ್ಮನೆ ತಾಯಣ್ಣನ ಅಂಗಡಿಗೆ ಹೋಗಿ ಖರ್ಜೂರ ಕೊಂಡರು. ಬನ್ನಿ ಕೊಡಲು ಬಂದ ಮಕ್ಕಳ ಕೈಗೆ ಪ್ರತಿ ಮನೆಯವರೂ ತಿನ್ನಲು ಏನಾದರೂ ಹಾಕಲೇಬೇಕು, ಬರಿಗೈಯಲ್ಲಿ ಕಳಿಸುವ ಹಾಗಿಲ್ಲ. ಶಿವಬಸಮ್ಮನ ಮನೆಯೊಂದರಲ್ಲಿ ಸಕ್ಕರೆ ನಿಂತು ಉಳಿದ ಮನೆಗಳಲ್ಲಿ ಹರಿದರೆ ಏನು ಉಪಯೋಗ? ಮಕ್ತಲ್‌ನಲ್ಲಿ ಖರ್ಜೂರ ತೀರಿ, ತಾಯಣ್ಣ ನಾರಾಯಣಪೇಟೆಯಿಂದ ಇನ್ನೊಂದು ಚೀಲ ತರಿಸಿದ.

ಉಮಾಶ್ರೀ ಬಂದಳು. ಬಂದವಳೇ ಅಡುಗೆಮನೆ ಹೊಕ್ಕು ಡಬ್ಬಿಗಳ ಮುಚ್ಚಳ ತೆಗೆತೆಗೆದು ನೋಡಿದಳು. ಒಂದರಲ್ಲಿ ಎಳ್ಳು ಖರ್ಜೂರದ ಉಂಡಿ. ಇನ್ನೊಂದರಲ್ಲಿ ಹಂಚಿನ ಮೇಲೆ ಸುಟ್ಟ ಜೋಳದ ನಿಪ್ಪಟ್ಟು. ಮತ್ತೊಂದರಲ್ಲಿ ಶೇಂಗಾ ಬೆರೆಸಿದ ಜೋಳದ ಅರಳು.

"ತಪಾಸಣಿ ಮುಗೀತೇನವ್ವ?" ಎಂದಳು ಶಿವಬಸಮ್ಮ ನಗುತ್ತ.

"ಇಷ್ಟೇನು?"

"ಇಷ್ಟ. ಒಂದ ಹರಳು ಸಕ್ಕರಿ ಸೋಕಿಲ್ಲ ನೋಡು."

"ಚೊಲೊ ಆತು," ಎಂದಳು ಮಗಳು. ಆ ಚೊಲೊದಲ್ಲಿ ಸಂತೋಷ ಯಾಕೋ ಕಡಿಮೆ ಇತ್ತು. ಇನ್ನೂ ಏನು ತಪ್ಪಿತೋ ಎಂದು ತಾಯಿಗೆ ಚಿಂತೆ ಹತ್ತಿತು.

ಮಕ್ಕಳದೇನೂ ತಕರಾರಿರಲಿಲ್ಲ. ಚಿಕ್ಕವಳು ಶಿರಿಷಾ ಉಂಡಿ ಮುಗಿಸಿ ತೆಲುಗಿನಲ್ಲಿ, "ಅಮ್ಮಮ್ಮಾ, ಇಂಕೊಕಟಿ" ಎಂದು ಇನ್ನೊಂದಕ್ಕೆ ಕೈ ಚಾಚಿದಳು. ಭಾನುಪ್ರಕಾಶ ಚಡ್ಡಿಯ ಕಿಸೆಯಲ್ಲಿ ಅರಳು ತುಂಬಿಕೊಂಡು ಓಡಿದ. ಇಷ್ಟು ಸುಲಭಕ್ಕೆ ಗೆದ್ದೆನೇ ಎಂದು ಶಿವಬಸಮ್ಮನಿಗೇ ನಂಬಿಕೆ ಬರಲಿಲ್ಲ.

ಬನ್ನಿಯ ಸಂಜೆ ಉಮಾಶ್ರೀ ಹೊಸ ಸೀರೆ ಉಟ್ಟು, ಕೈತುಂಬ ಬನ್ನಿ ಎಲೆ ಹಿಡಿದು, "ಯವ್ವಾ, ಹಿರಿಯರಿಗೆ ಕಾಲುಬಿದ್ದು ಬರೂಣ ನಡಿ" ಎಂದಳು. ಮದುವೆಯಾದ ಮೇಲೆ ಓಣಿಯ ಹೊಸ್ತಿಲುಗಳನ್ನೇ ತುಳಿಯದಿದ್ದ ಹುಡುಗಿ! ತಾಯಿ ಹಿಗ್ಗಿನಿಂದ ಹಿಂದೆ ಹೊರಟಳು.

ಮಾರ್ಕಂಡೇಯ ಮಾಸ್ತರರ ಮನೆಯಲ್ಲಿ ಕಾಲುಬಿದ್ದಳು. ಖರ್ಜೂರದ ಉಂಡಿ ಸಿಕ್ಕಿತು. "ನಿಶ್ಚಿಂತಿಯಿಂದ ತಿನ್ನವ್ವ, ಸಕ್ಕರಿ ಹಾಕಿಲ್ಲ," ಎಂದರು ಮಾಸ್ತರರ ಹೆಂಡತಿ. ತಾಯಣ್ಣನ ಮನೆಯಲ್ಲಿ ಕಾಲುಬಿದ್ದಳು; ಮತ್ತದೇ ಉಂಡಿ, ಗಾತ್ರ ಮಾತ್ರ ದೊಡ್ಡದು. ಉಮಾಶ್ರೀಗೆ ನೆನಪೇ ಇಲ್ಲದ ಒಬ್ಬ ಮುದುಕಿಯ ಮನೆಗೂ ಹೋದಳು. ಆ ಮುದುಕಿ ಹಲ್ಲಿಲ್ಲದ ಬಾಯಲ್ಲಿ ಹರಸಿ, ಖರ್ಜೂರದ ಬೀಜ ತೆಗೆಯಲು ತನಗೆ ಇಡೀ ಮಧ್ಯಾಹ್ನ ಹಿಡಿಯಿತು ಎಂದು ಹೆಮ್ಮೆಯಿಂದ ಹೇಳಿ ಉಂಡಿ ಕೊಟ್ಟಳು. ಮನೆ ಮನೆಗೂ ಉಮಾಶ್ರೀಯ ಭಕ್ತಿ ಹೆಚ್ಚುತ್ತಿತ್ತು, ಮುಖ ಸಣ್ಣದಾಗುತ್ತಿತ್ತು.

ಕೊನೆಗೆ ಎದುರುಮನೆಯ ಕುರುಮಮ್ಮನ ಕಟ್ಟೆಯ ಮೇಲೆ ಅವಳು ಕುಸಿದು ಕೂತಳು. ಕುರುಮಮ್ಮ ತಟ್ಟೆ ತಂದಳು. ಅದರಲ್ಲಿ ಏನಿದೆಯೆಂದು ನೋಡಬೇಕಾಗಿರಲಿಲ್ಲ.

"ಚಿಗವ್ವಾ," ಎಂದಳು ಉಮಾಶ್ರೀ, ತಾಯಿ ಹಿಂದೆಯೇ ಇದ್ದಾಳೆಂಬುದನ್ನೂ ಮರೆತು, "ನಿಮ್ಮನ್ಯಾಗರೆ ಒಂದು ಕರ್ಚಿಕಾಯಿ ಇಲ್ಲೇನ? ಮುರಿದಿದ್ದಾದ್ರೂ ನಡೀತೈತಿ."

ಕುರುಮಮ್ಮ ಕೆನ್ನೆಗೆ ಕೈ ಹಚ್ಚಿಕೊಂಡಳು. "ಅಯ್ಯ, ಏನಂತೀಯ ಯವ್ವಾ! ನಿನ್ನ ಮಾತು ಕೇಳೇ ಕಡಾಯಿ ಅಟ್ಟಕ್ಕೇರಿಸೀನಿ. ನನ್ನ ಮೊಮ್ಮಕ್ಕಳು ನಿನ್ನ ಹೆಸರು ಹಿಡಿದು ಬೈಯಾಕತ್ಯಾವ."

"ನಾ ಹುಡುಗರಿಗೆ ಬ್ಯಾಡ ಅಂದಿದ್ದೆ. ನನಗ ಬ್ಯಾಡ ಅಂದಿದ್ದೆನೇನ?" ಉಮಾಶ್ರೀ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಗದ್ವಾಲ್‌ದಾಗ ದಿನಾ ಈ ಖರ್ಜೂರಾನ ಕಲಸಿ, ಅದನ್ನ ತಿಂದು ನಾಲಿಗಿ ಕಟ್ಟಿಗಿ ಆಗೈತಿ. ಬಸ್ಸಿನ್ಯಾಗ ದಾರೀ ತುಂಬ ಅವ್ವನ ಕರ್ಚಿಕಾಯಿ ನೆನಿಸ್ಕೊಂತ ಬಂದೆ. ಇಲ್ಲಿ ನೋಡಿದ್ರ ಇಡೀ ಓಣಿಗೇ ಪಥ್ಯ! ನಾಳೆ ಹೋಗಿಬಿಡ್ತೀನಿ. ಅಲ್ಲಿ ಮಿಠಾಯಿ ಅಂಗಡ್ಯಾಗರೆ ಸಿಗತೈತಿ."

ನಕ್ಕೇ ಹೇಳಿದಳು. ಆದರೆ ನಾಳೆ ಎಂಬ ಮಾತು ಶಿವಬಸಮ್ಮನಿಗೆ ನಗುವಿನಂತೆ ಕೇಳಿಸಲಿಲ್ಲ. ಸಕ್ಕರೆ ಹಾಕಿ ಹೋದ ವರ್ಷ ಕಳೆದುಕೊಂಡವಳನ್ನು ಈ ವರ್ಷ ಸಕ್ಕರೆ ಹಾಕದೆ ಕಳೆದುಕೊಳ್ಳುವುದೇ? ಮಗಳು ಹೇಳಿದ್ದನ್ನು ಅಕ್ಷರ ಬಿಡದೆ ಪಾಲಿಸಿದ್ದಳು. ಹೇಳದೆ ಬಿಟ್ಟಿದ್ದನ್ನು ತಾಯಿಯಾದವಳು ತಿಳಿಯಬೇಕಿತ್ತು.

"ಹೋಗೋದಿದ್ರ ಹೋಗು," ಎಂದಳು. "ನಾಳೆ ಮಧ್ಯಾನದ ತನ ಅಷ್ಟ ತಡಿ."

ಮರುದಿನ ದೇವೇಂದ್ರಪ್ಪ ಮೊಮ್ಮಕ್ಕಳಿಗೆ ತಕ್ಕಡಿ ತೋರಿಸುತ್ತೇನೆಂದು ಅಂಗಡಿಗೆ ಕರೆದೊಯ್ದ. ಕುರುಮಮ್ಮ ತನ್ನ ಕಡಾಯಿಯನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಹಿತ್ತಲ ಬಾಗಿಲಿನಿಂದ ಬಂದಳು. ಮೂವರು ಹೆಂಗಸರು ಕಿಟಕಿ ಹಾಕಿಕೊಂಡು ಮೈದಾ ನಾದಿದರು, ಒಣಕೊಬ್ಬರಿ, ಪುಟಾಣಿ, ಸಕ್ಕರೆಯ ಹೂರಣ ತುಂಬಿ ಅಂಚು ಮಡಚಿದರು. ಎಣ್ಣೆಯಿಂದ ಎದ್ದ ಮೊದಲ ಕರ್ಚಿಕಾಯಿಯನ್ನು ಉಮಾಶ್ರೀ ಆರುವ ತನಕ ಬಿಡಲಿಲ್ಲ. ಬಾಯಿ ಸುಟ್ಟುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, "ಇನ್ನೊಂದು" ಎಂದಳು.

"ಹುಡುಗರಿಗೆ ಗೊತ್ತಾಗಬಾರದು ಯವ್ವಾ."

"ಯಾರ್ ಹೇಳ್ತಾರ? ಊರಿಗೆ ಒಯ್ತೀಯೇನು?"

"ಅಲ್ಲಿ ಎಲ್ಲಿ ಬಚ್ಚಿಡ್ಲಿ? ಇಲ್ಲೇ ತಿಂದು ಮುಗಿಸಿ ಹೋಗ್ತೀನಿ."

ಶಿವಬಸಮ್ಮ ಡಬ್ಬಿಯನ್ನು ಜೋಳದ ಚೀಲದ ಹಿಂದೆ ಇಟ್ಟಳು. ಮಗಳ ಕೊನೆಯ ಮಾತನ್ನು ಮಾತ್ರ ಎಲ್ಲಿಯೂ ಇಡದೆ ತಲೆಯಲ್ಲೇ ಇಟ್ಟುಕೊಂಡಳು.

ಅಂದಿನಿಂದ ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಅವಳಿಗೆ ಕುರುಮಮ್ಮನ ಮನೆಯಲ್ಲಿ ಏನೋ ಕೆಲಸ ಬರತೊಡಗಿತು. ಡಬ್ಬಿಯಲ್ಲಿ ಮೇಲಿನದು ಇಳಿದಷ್ಟೂ ಹೊಸದು ಬಂದು ಬೀಳುತ್ತಿತ್ತು. ಉಮಾಶ್ರೀ ಗಂಡನಿಗೆ ಫೋನ್ ಮಾಡಿ, "ಇಲ್ಲಿ ಸ್ವಲ್ಪ ಕೆಲಸ ಉಳಿದೈತ್ರಿ, ಸೂಟಿ ಮುಗಿಸ್ಕೊಂಡ ಬರ್ತೀನಿ" ಎಂದಳು.

ಒಮ್ಮೆ ಅವಳು ಡಬ್ಬಿಯನ್ನು ಕೈಯಲ್ಲಿ ತೂಗಿ, "ಇವು ತೀರೂ ಹಂಗ ಕಾಣಂಗಿಲ್ಲಲ್ಲ ಯವ್ವಾ" ಎಂದಳು.

"ದೊಡ್ಡ ಡಬ್ಬಿ ಅದು," ಎಂದಳು ಶಿವಬಸಮ್ಮ.

"ಹೌದೌದು."

ತಾಯಿ ಆಗಷ್ಟೇ ಎದುರುಮನೆಯಿಂದ ಬಂದಿದ್ದಳು. ಭುಜದ ಮೇಲೆ ಮೈದಾ ಹಿಟ್ಟು ಬೆಳ್ಳಗೆ ಮೆತ್ತಿತ್ತು. ಹೊರಗೆ ಮಕ್ಕಳ ಸದ್ದು ಕೇಳಿತು. ಉಮಾಶ್ರೀ ಹತ್ತಿರ ಬಂದು, ತನ್ನ ಸೆರಗಿನಿಂದ ಆ ಹಿಟ್ಟನ್ನು ಮೆಲ್ಲಗೆ ಝಾಡಿಸಿದಳು.