ಮೇಲಿನ ಸೀಮೆಯ ಚೀಟಿ

ಹೆಂಗಸು ಚಪ್ಪಲಿ ಬಿಟ್ಟು ಹೊಸ್ತಿಲು ದಾಟುವಷ್ಟರಲ್ಲಿ ಸತ್ತವರ ತಮ್ಮ ಅಡ್ಡ ಬಂದ. "ತಾವು ಏನಾಗ್ಬೇಕು?"

"ಮೇಲಿನ ಸೀಮೆಯಿಂದ ಬಂದೆ," ಎಂದಳು ಅವಳು. ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ.

ಅವನು ನೇರ ಅತ್ತಿಗೆಯ ಬಳಿ ಬಂದು ಕಿವಿಯಲ್ಲಿ ಉಸುರಿದ. "ಅತ್ತಿಗೆ, ಅಣ್ಣ ಗಣತಿಗೆ ಅಂತ ವರ್ಷಕ್ಕೆ ಎರಡು ತಿಂಗಳು ಹೋಗ್ತಿದ್ದ ಸೀಮೆ ಅದು. ನಂಗ್ಯಾಕೋ ಸರಿ ಕಾಣ್ತಿಲ್ಲ."

"ಸುಮ್ನಿರಪ್ಪ," ಎಂದಳು. ಸುಮ್ಮನಿರಲು ಅವಳಿಗೇ ಆಗಲಿಲ್ಲ. ಮೂವತ್ತೊಂದು ವರ್ಷದ ಸಂಸಾರ; ಅದರಲ್ಲಿ ಇವಳಿಗೂ ಪಾಲಿತ್ತೇ?

*

ಬೀದಿಯವರಿಗೆಲ್ಲ ಅವಳ ಗಂಡ 'ಗಣತಿಯವರು'. ಪ್ರಾಂತ್ಯದ ಮನೆಮನೆಯ ಕದ ತಟ್ಟಿ "ಮದುವೆ ಆಗಿದೆಯಾ?" ಎಂದು ಕೇಳಿ ಬರೆದುಕೊಳ್ಳುವುದೇ ಉದ್ಯೋಗ.

ಒಮ್ಮೆ ಊಟಕ್ಕೆ ಕೂತಾಗ ಹೇಳಿದ್ದರು: "ಕೆಳಗಿನ ಸೀಮೇಲಿ ಗಂಡ ಬಿಟ್ಟವರು 'ಹೌದು, ಬಿಟ್ಟ, ಪೀಡೆ ತೊಲಗ್ತು' ಅಂತಾರೆ ಕಣೆ. ಮೇಲಿನ ಸೀಮೇಲಿ ಹುಡುಕಿದ್ರೂ ಅಂಥವಳು ಒಬ್ಬಳಿಲ್ಲ. ಎಲ್ಲರ ಗಂಡಂದಿರೂ ಕೆಲಸಕ್ಕೆ ಹೋಗಿದ್ದಾರೆ, ಇಪ್ಪತ್ತು ವರ್ಷದಿಂದ!"

"ನೀವೇನು ಬರ್ಕೋತೀರಿ?"

"ಅವರು ಹೇಳಿದ್ದನ್ನ."

ಆಗ ಬಿದ್ದುಬಿದ್ದು ನಕ್ಕಿದ್ದಳು. ಈಗ ಆ ನಗುವಿನ ಮೇಲೇ ಸಿಟ್ಟು ಬಂತು.

*

ಹೆಂಗಸನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು. "ನಿಜ ಹೇಳಿ. ಅವರಿಗೂ ನಿಮಗೂ ಏನು?"

ಹೆಂಗಸು ಚೀಲದಿಂದ ಹಳೆಯ ಗಣತಿ ಚೀಟಿ ತೆಗೆದಳು. 'ವಿವಾಹಿತೆ' ಎಂದಿತ್ತು. ಗಂಡನ ಹೆಸರಿನ ಜಾಗದಲ್ಲಿ ಗಣತಿಯವರ ಹೆಸರು, ಅವರದೇ ದುಂಡಕ್ಷರದಲ್ಲಿ.

"ನಮ್ಮ ಕಡೆ ಗಂಡ ಬಿಟ್ಟವಳಿಗೆ ಬಾಡಿಗೆಗೂ ಮನೆ ಕೊಡಲ್ಲಕ್ಕ. ಇವರು ಕೇಳೋವಾಗ ಮನೆ ಓನರಮ್ಮ ಪಕ್ಕದಲ್ಲೇ ನಿಂತಿದ್ರು. ಓಡಿಹೋದವನ ಹೆಸರು ಬಾಯಿಗೆ ಬರ್ಲಿಲ್ಲ, ಅತ್ತುಬಿಟ್ಟೆ. ಇವರು ತಮ್ಮ ಹೆಸರನ್ನೇ ಬರೆದು ಕೈಗೆ ಕೊಟ್ರು. ಕಾಗದದ ಮೇಲೆ ಅಷ್ಟೇ, ನಿಮ್ಮಾಣೆ. ಕೊನೇ ಸಲ ಮುಖ ನೋಡೋಣ ಅಂತ ಬಂದೆ."

ಅಯ್ಯೋ ಹುಚ್ಚಪ್ಪ, ಮಾಡಿಯೇ ಇರುತ್ತಾರೆ! ಹೆಂಡತಿಯ ಎದೆ ಹಗುರಾಯಿತು. ಹೆಂಗಸಿನ ಕೈ ಹಿಡಿದು ತಾನೇ ಹಜಾರಕ್ಕೆ ಕರೆತಂದಳು. "ದಾರಿ ಬಿಡಪ್ಪ, ಗೊತ್ತಿರೋರು," ಎಂದು ಮೈದುನನಿಗೆ ಹೇಳಿದಳು. ಹೊರಗೆ ವ್ಯಾನು ಬಂದು ನಿಂತಿತ್ತು.

ಹೆಂಗಸು ಶವದ ಪಕ್ಕ ಕೂತು ಸ್ವಲ್ಪ ಹೊತ್ತು ಮುಖ ನೋಡಿದಳು.

"ಇದನ್ನ ಹಾಕಿದ್ರೆ ಇವರಿಗೆ ನಿದ್ದೆ ಬರಲ್ಲ," ಎನ್ನುತ್ತ, ಯಾರನ್ನೂ ಕೇಳದೆ ಕೈ ಚಾಚಿ, ಅಂಗಿಯ ಕತ್ತಿನ ಗುಂಡಿಯನ್ನು ಬಿಚ್ಚಿದಳು.