ಫೈಬರ್ ಹಲಗೆ

ಫೈಬರಿನ ಹಲಗೆ ಕೈಗೆ ಕೊಟ್ಟರೆ ಅಪ್ಪ ನಗುತ್ತಾನೋ, ಮುಖಕ್ಕೆ ಎಸೆಯುತ್ತಾನೋ? ಸದ್ದು ಚೆನ್ನಾಗಿ ಬರುತ್ತದೆ ಎಂದರೆ ನಂಬಬಹುದು. ನಂಬಿಬಿಟ್ಟರೆ? ಅದು ಇನ್ನೂ ಕೆಟ್ಟದ್ದಲ್ಲವೇ? ಹುಲುಗೇಶ ಸಮುದಾಯ ಭವನದ ಹಿಂಬಾಗಿಲಲ್ಲಿ ನಿಂತೇ ಇದ್ದ. ಆಚೆ ಅಪ್ಪ ರಾಮಣ್ಣ ಸಜ್ಜೆ ದಂಟು ಉರಿಸಿ ತನ್ನ ಚರ್ಮದ ಹಲಗೆಯನ್ನು ಬಾರಿಸುವ ಹದಕ್ಕೆ ಕಾಯಿಸುತ್ತಿದ್ದ.

ಐದು ತಾಲ್ಲೂಕಿನ ಐದು ಸಮುದಾಯ ಭವನಗಳು ಕೈ ಜೋಡಿಸಿ ಹೊರಗಿನ ನಾಟಕ ತಂಡವೊಂದನ್ನು ಕರೆಸಿದ್ದವು. ಎಂ.ಎ. ಓದಿದ ಹುಲುಗೇಶ ಆ ಪ್ರವಾಸದ ಸಂಚಾಲಕ. ಹಲಗೆಯವನು ಜನರ ನಡುವಿನಿಂದ ಬಾರಿಸುತ್ತ ಬಂದು ವೇದಿಕೆ ಹತ್ತಿದ ಮೇಲೆಯೇ ನಾಟಕ ಶುರು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಗಳಲ್ಲಿ ರಾಮಣ್ಣ ಹಾಗೆ ಹತ್ತಿದಾಗ ಜನ ಸಿಳ್ಳೆ ಹಾಕಿದ್ದರು. ಇನ್ನು ಉಳಿದದ್ದು ಕೊಟ್ಟೂರು ಕಡೆಯ ಈ ಹಳ್ಳಿ, ಆಮೇಲೆ ಹರಪನಹಳ್ಳಿ.

ಬೆಳಿಗ್ಗೆ ಭವನದ ಅಧ್ಯಕ್ಷ ಕೊಟ್ರಸ್ವಾಮಿ ಅಡಿಕೆ ಅಗಿಯುತ್ತ ಹೇಳಿದ್ದ: "ನೋಡಪ, ಈ ಕಟ್ಟಿ ಮ್ಯಾಲ ಹೋಮ ಮಾಡ್ತೀವಿ. ಸತ್ತ ದನದ ಚರ್ಮ ಹತ್ತಂಗಿಲ್ಲ. ಇಲ್ಲಾಂದ್ರ ನಿಮ್ಮ ನಾಟಕ ಬ್ಯಾಡ."

"ಫೈಬರ್ ಹಲಗಿ ತಂದ್ರ ಆಗತೈತೇನ್ರಿ ಸ್ವಾಮ್ಯಾರ?"

ಕೇಳಿದ್ದು ಹುಲುಗೇಶನೇ. ಕೊಟ್ರಸ್ವಾಮಿ ಬರೀ "ಹ್ಞೂಂ" ಎಂದಿದ್ದ. ಅಷ್ಟಕ್ಕೇ ಹುಲುಗೇಶ ಬೈಕು ಹತ್ತಿ ಕೊಟ್ಟೂರಿಗೆ ಓಡಿ, ಬ್ಯಾಂಡಿನವರ ಕೈಕಾಲು ಹಿಡಿದು ಒಂದನ್ನು ತಂದಿದ್ದ.

ಈಗ ಅದನ್ನು ಅಪ್ಪನ ಕೈಗಿಟ್ಟ. "ಅಪ್ಪಾ, ಇವತ್ತು ಇದನ್ನ ಬಾರಿಸು. ಮೈಕಿಗೆ ಇದ ಚಲೋ ಕೇಳ್ತೈತಂತ."

ರಾಮಣ್ಣ ಎರಡು ಪೆಟ್ಟು ಹಾಕಿ ನೋಡಿದ. "ಲೇ, ಎಣ್ಣಿ ಡಬ್ಬಿ ಬಡದಂಗ ಐತಲ್ಲೋ! ಯಾವ ಸೂಳಿಮಗ ಹೇಳ್ದ?"

"ತಂಡದಾರು."

"ಆತು ಬಿಡು. ಓದ್ದಾಂವ ನೀನು, ನಿನಗ ಗೊತ್ತಿರ್ತೈತಿ."

ಕಾದ ಹಲಗೆಯನ್ನು ಅವನು ಗೋಡೆಗೆ ಒರಗಿಸಿದ.

ಆರೂವರೆಗೆ ಭವನ ತುಂಬಿತು. ರಾಮಣ್ಣ ಬಾಗಿಲಿಂದಲೇ ಬಾರಿಸುತ್ತ, ಕುಣಿಯುತ್ತ ಬಂದ. ಮೆಟ್ಟಿಲ ಬಳಿ ಕೊಟ್ರಸ್ವಾಮಿ ಅಡ್ಡ ನಿಂತ.

"ಏ ಕೇರಿ ರಾಮ್ಯಾ, ಅಲ್ಲೇ ನಿಂದ್ರಲೇ. ಕೆಳಗ ಬಾರಿಸು, ಮ್ಯಾಲಿನಾರು ಕುಣೀತಾರ."

ವೇದಿಕೆಯ ಮೇಲೆ ಮೈಕ್ ಹಿಡಿದಿದ್ದ ಹುಲುಗೇಶ ಬಗ್ಗಿ ಪಿಸುಗುಟ್ಟಿದ. "ಸ್ವಾಮ್ಯಾರ, ಇದು ಫೈಬರ್ ರಿ. ನೀವ ಹ್ಞೂಂ ಅಂದಿದ್ರಿ."

"ಹಲಗಿ ಬದಲಾತು. ಬಾರಿಸಾಂವ ಬದಲಾದ್ನೇನು? ಓದ್ದಾಂವ ಅಂತ ನಿನ್ನ ಹತ್ತಿಸ್ಕೊಂಡೀವಿ, ಅದ ಹೆಚ್ಚಾತು."

ರಾಮಣ್ಣ ಕೈಯಲ್ಲಿದ್ದ ಹಲಗೆ ನೋಡಿದ. ಮಗನನ್ನು ನೋಡಿದ.

"ಅಲ್ರಿ ಸ್ವಾಮ್ಯಾರ, ಮ್ಯಾಲ ತಬಲಾ ಕುಂತೈತಲ್ಲ, ಅದಕ್ಕೇನು ಬಾಳಿ ಎಲಿ ಬಿಗಿದಾರೇನ್ರಿ?"

ಹಿಂದಿನ ಸಾಲುಗಳಲ್ಲಿ ನಗೆ ಎದ್ದಿತು. "ಬಾಯಿ ಮುಚ್ಚಲೇ ಬೋಸಡಿಕೆ!" ಎಂದು ಕೊಟ್ರಸ್ವಾಮಿ ಅರಚಿದ.

ರಾಮಣ್ಣ ಹಲಗೆಯನ್ನು ಅವನ ಕಾಲ ಬಳಿ ಮೆಟ್ಟಿಲ ಮೇಲಿಟ್ಟ. "ತಗೋರಿ, ನೀವ ಬಾರಿಸ್ರಿ. ಮೈಲಿಗಿ ಆಗಂಗಿಲ್ಲ, ಪ್ಲಾಸ್ಟಿಕ್ ಐತಿ."

ಆಮೇಲೆ ನೇರ ಹೋಗಿ ಗಣ್ಯರಿಗೆಂದು ಬಿಳಿ ಬಟ್ಟೆ ಹೊದಿಸಿದ್ದ ಕುರ್ಚಿಯಲ್ಲಿ ಕುಳಿತ. ಎರಡೂ ಅಂಗೈ ಮೊಣಕಾಲ ಮೇಲೆ. ಎಬ್ಬಿಸಲು ಬಂದ ಇಬ್ಬರು ಅವನನ್ನು ಮುಟ್ಟಲಾರದೆ ದೂರವೇ ನಿಂತರು.

ಪರದೆಯ ಸಂದಿಯಿಂದ ತಂಡದ ನಿರ್ದೇಶಕಿ ಗಂಗಾಂಬಿಕಾ ಹುಲುಗೇಶನ ತೋಳು ಜಗ್ಗಿದಳು. "ಹಲಗೆ ಇಲ್ಲದೆ ನಾವು ಶುರು ಮಾಡಲ್ಲ. ಏನಾಯ್ತು ಅಂತ ಜನಕ್ಕೆ ಹೇಳಿ. ಮೈಕ್ ನಿಮ್ಮ ಕೈಲೇ ಇದೆಯಲ್ಲ!"

ಅಪ್ಪ ಅವನ ಬಾಯನ್ನೇ ನೋಡುತ್ತಿದ್ದ. ಹುಲುಗೇಶ ಮೈಕನ್ನು ಬಾಯಿಯ ಹತ್ತಿರ ತಂದ.

"ಮಾನ್ಯರೇ, ಕರೆಂಟಿನ ತೊಂದರೆಯಿಂದ ನಾಟಕ ತುಸು ತಡವಾಗುತ್ತದೆ."

ತಲೆಯ ಮೇಲೆ ಅಷ್ಟೂ ದೀಪ ಉರಿಯುತ್ತಿದ್ದವು. ಆ ಕುರ್ಚಿಯಲ್ಲಿ ಕುಳಿತವನು ತನ್ನ ಅಪ್ಪ, ಅವನನ್ನು ಮೆಟ್ಟಿಲು ಹತ್ತಗೊಡಲಿಲ್ಲ ಎಂದು ಹುಲುಗೇಶ ಹೇಳಲೇ ಇಲ್ಲ.