ಹನ್ನೊಂದು ಗಡಿಯಾರಗಳು

ಭಾವ ಯಾರನ್ನೂ ನೋಯಿಸಿದವರಲ್ಲ. ಆದರೂ ಅವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೇ. ಆಫೀಸಿನ ಯುನಿಕ್ಸ್ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವರು ಅವರು. ತೀರಿಕೊಂಡ ಮೇಲೆ ಆ ಕೆಲಸ ನನ್ನ ತಲೆಗೆ ಬಂತು. ಆಫೀಸಿನಲ್ಲಿದ್ದ ಅವರ ಕೋಣೆಗೆ ಮೂರು ತಿಂಗಳಿಂದ ಬೀಗ, ಬೀಗದ ಕೈ ಅಕ್ಕನ ಹತ್ತಿರ. ಒಳಗೆ ಅವರ ಹಳೆಯ ಯಂತ್ರ ಗುಂಯ್ ಎನ್ನುತ್ತಲೇ ಇತ್ತು. ಎಲ್ಲರ ಫೈಲುಗಳೂ ಅದರಲ್ಲಿದ್ದುದರಿಂದ ಯಾರೂ ಆರಿಸಿರಲಿಲ್ಲ.

ಆಫೀಸಿನ ಫೈಲುಗಳನ್ನೆಲ್ಲ ಬೇರೆಡೆಗೆ ಸಾಗಿಸಿಯಾಗಿತ್ತು, ಆ ದಿನ ಸಂಜೆ ಐದಕ್ಕೆ ಅದು ಗುಜರಿಗೆ ಹೋಗುವುದಿತ್ತು. ಬೆಳಿಗ್ಗೆಯೇ ಅಕ್ಕ ಫೋನ್ ಮಾಡಿದಳು.

“ಅದರಲ್ಲಿ ಅವರದ್ದೊಂದು ಫೋಟೋ ಇದೆಯಂತೆ ಕಣೋ. ಕ್ಯಾಮೆರಾ ಕಂಡ್ರೆ ಓಡ್ತಿದ್ದೋರು, ಮನೇಲಿ ಒಂದೂ ಇಲ್ಲ. ಹೇಗಾದ್ರೂ ಹುಡುಕಿಕೊಡೋ. ಮುಖ ಮರೆತುಹೋಗ್ತಾ ಇದೆ ನಂಗೆ.”

ಫೋಟೋಗಳಿಗೆ ಹೆಸರಿಲ್ಲ, ಬರೀ ಸಂಖ್ಯೆ. ಅದೂ ನೂರಾರು. ನೆಟ್‌ವರ್ಕಿನ ಮೂಲಕ ನನ್ನ ಮೇಜಿನಿಂದಲೇ ತೆರೆದು ನೋಡಬೇಕೆಂದರೆ ನನ್ನ ಹೊಸ ಯಂತ್ರಕ್ಕೆ ಚಿತ್ರ ತೋರಿಸುವ ವಿಂಡೋ ಸಾಫ್ಟ್‌ವೇರ್ ಹಾಕಬೇಕು. ಹಾಕಿದೆ. ಪರೀಕ್ಷೆಗೆಂದು ಗಡಿಯಾರದ ಪ್ರೋಗ್ರಾಂ ಓಡಿಸಿದೆ. ಪರದೆಯ ಮೇಲೆ ಏನೂ ಬರಲಿಲ್ಲ. ತಪ್ಪಾಗಿದೆ ಎಂಬ ಒಂದು ಮಾತೂ ಇಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಎಲ್ಲ ಅಳಿಸಿ ಮತ್ತೆ ಹಾಕಿದೆ. ಹನ್ನೊಂದು ಸಲ ಗಡಿಯಾರ ಓಡಿಸಿದೆ, ಹನ್ನೊಂದು ಸಲವೂ ಯಂತ್ರದ ವಂಶವನ್ನೇ ಬೈದೆ.

ನಾಲ್ಕು ಗಂಟೆಗೆ ತಪ್ಪು ಸಿಕ್ಕಿತು. ನನ್ನದೇ. ಸೋಮಾರಿತನಕ್ಕೆ ಭಾವನ ಹಳೆಯ ಸೆಟ್ಟಿಂಗ್ ಫೈಲನ್ನು ಓದದೆ ನಕಲು ಮಾಡಿಕೊಂಡಿದ್ದೆ. ಯುನಿಕ್ಸಿನಲ್ಲಿ ಪ್ರೋಗ್ರಾಂ ಒಂದು ಯಂತ್ರದಲ್ಲಿ ಓಡಿ, ಅದರ ವಿಂಡೋ ಇನ್ನೊಂದರ ಪರದೆಯಲ್ಲಿ ತೆರೆಯಬಹುದು. ಆ ಫೈಲಿನಲ್ಲಿದ್ದದ್ದು ಭಾವನ ಪರದೆಯ ವಿಳಾಸ. ನನ್ನ ಗಡಿಯಾರಗಳೆಲ್ಲ ಬೆಳಗಿನಿಂದ ಬೀಗ ಹಾಕಿದ ಕೋಣೆಯೊಳಗೆ ತೆರೆದುಕೊಳ್ಳುತ್ತಿದ್ದವು.

ಅಷ್ಟರಲ್ಲಿ ಅಕ್ಕ ಬೀಗದ ಕೈ ಒಪ್ಪಿಸಲು ಬಂದಳು. ಇಬ್ಬರೂ ಸೇರಿ ಬಾಗಿಲು ತೆಗೆದೆವು. ಮೇಜು, ಕುರ್ಚಿ, ಕೀಬೋರ್ಡು, ಎಲ್ಲದರ ಮೇಲೂ ಒಂದು ಬೆರಳು ಧೂಳು. ಮೌಸ್ ಮಾತ್ರ ಶುಭ್ರವಾಗಿತ್ತು.

ಹೊಸ ವಿಂಡೋಗಳು ಮೂಲೆಯಲ್ಲಿ ಒಂದರ ಮೇಲೊಂದು ರಾಶಿ ಬೀಳಬೇಕು. ಇಲ್ಲಿ ಹನ್ನೊಂದೂ ಪರದೆಯ ಅಂಚಿಗೆ ಸಾಲಾಗಿ, ಒಂದೇ ಅಂತರದಲ್ಲಿ ಕೂತಿದ್ದವು. ಭಾವ ಜೋಡಿಸುತ್ತಿದ್ದದ್ದು ಹಾಗೆಯೇ. ಚಪ್ಪಲಿ ಜೋಡಿಸಿದ ಹಾಗೆ ಎಂದು ನಾನು ಆಡಿಕೊಳ್ಳುತ್ತಿದ್ದೆ. ಮೌಸ್ ಹಿಡಿದು ಎಳೆಯದೆ ಅವು ಹಾಗೆ ಕೂರುವುದಿಲ್ಲ.

ಗಡಿಯಾರಗಳ ಪಕ್ಕ, ನಟ್ಟನಡುವೆ, ಒಂದು ಫೋಟೋ ತೆರೆದಿತ್ತು. ನಾನು ಅಂದು ಒಂದು ಫೋಟೋವನ್ನೂ ತೆರೆದಿರಲಿಲ್ಲ. ಭಾವ ಇದೇ ಕುರ್ಚಿಯಲ್ಲಿ ಕೂತು ಮುಜುಗರದಿಂದ ನಗುತ್ತಿದ್ದರು.

ಅಕ್ಕ ಪರದೆ ಮುಟ್ಟಿದಳು. “ಮೂಗಿನ ಪಕ್ಕ ಮಚ್ಚೆ. ನೋಡೋ, ಅದನ್ನೇ ಮರೆತಿದ್ದೆ.”

ಫೋಟೋ ವಿಂಡೋದ ಮೇಲಂಚಿನಲ್ಲಿದ್ದ ಫೈಲಿನ ಸಂಖ್ಯೆ ನೋಡಿಕೊಂಡು ನನ್ನ ಮೇಜಿಗೆ ಓಡಿದೆ. ಭಾವನ ಹತ್ತಿರ ಒಂದು ದಿನವೂ ಒಳ್ಳೆಯ ಮಾತಾಡಿರಲಿಲ್ಲ ನಾನು. ಆ ಫೈಲು ನನ್ನ ಯಂತ್ರಕ್ಕೆ ನಕಲಾಯಿತು.

ಒಳಗಿನಿಂದ ಅಕ್ಕ ಕೂಗಿದಳು. “ಗಡಿಯಾರ ಒಂದೊಂದಾಗಿ ಮುಚ್ತಾ ಇದೀಯೇನೋ?”

“ಇಲ್ಲಕ್ಕ, ನಾನೇನೂ ಮುಟ್ಟಿಲ್ಲ.”

ಆಮೇಲೆ ಅವಳ ದನಿ ಕೇಳಿತು, ಮೆಲ್ಲಗೆ. ನನಗೆ ಹೇಳಿದ್ದಲ್ಲ.

“ಫೋಟೋ ಸಿಕ್ತು. ಆ ಕೊನೇ ಗಡಿಯಾರ ಒಂದು ಇರ್ಲಿ ರೀ, ಐದು ಗಂಟೆವರೆಗಾದ್ರೂ.”